ನಾಡಿಯ ಮೇಲೊಂದು ಗಾಜಿನ ಎಳೆ

ನೆತ್ತರಿಗೆ ಒತ್ತಡವೆಂಬುದೊಂದು ಉಂಟೆಂದು ಇಂದು ಅರಿಯದವರಿಲ್ಲ. ‘ಬಿ.ಪಿ.’ ಎಂಬ ಎರಡಕ್ಷರ ಇಂಗ್ಲಿಷಿನ ಗಂಧವಿಲ್ಲದ ಹಳ್ಳಿಯ ಮುದುಕಿಯ ಬಾಯಲ್ಲಿಯೂ ಸಲೀಸಾಗಿ ಹೊರಳುತ್ತದೆ. ಆದರೆ ಆ ಒತ್ತಡವನ್ನು ಅಳೆಯುವ ಬಗೆ ಹೇಗೆ, ಅಳೆದು ಬಂದ ಅಂಕೆ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ವಿಚಾರಿಸಿದವರು ಕಡಮೆ. ಚರ್ಮವನ್ನು ಚುಚ್ಚದೆ, ತೋಳನ್ನು ಹಿಂಡದೆ, ಹಗಲಿರುಳೂ ಎಡೆಬಿಡದೆ ರಕ್ತದೊತ್ತಡವನ್ನು ಗಮನಿಸುತ್ತಿರಬಲ್ಲ ಸಾಧನವೊಂದಕ್ಕಾಗಿ ಈಗ ಹಲವು ದೇಶಗಳಲ್ಲಿ ಪ್ರಯತ್ನ ನಡೆದಿದೆ. ಆ ಪ್ರಯತ್ನಗಳಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗೂ ಒಂದು ಸ್ಥಾನವುಂಟು. ಆ ಎಳೆ ಮಾಡಬಲ್ಲುದೇನು, ಮಾಡಲಾರದುದೇನು ಎಂಬುದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ನಮ್ಮದು ಕಲಾ ಕಾಲೇಜು, ಇಲ್ಲಿ ಪ್ರಯೋಗಶಾಲೆಯಿಲ್ಲ. ಆದುದರಿಂದ ಸೂತ್ರಗಳ ಗೊಡವೆಗೆ ಹೆಚ್ಚು ಹೋಗದೆ, ನನಗೆ ಅರ್ಥವಾದಷ್ಟನ್ನು ಇತರರಿಗೂ ಅರ್ಥವಾಗುವಂತೆ ಹೇಳಲು ಯತ್ನಿಸುತ್ತೇನೆ.

ಇತಿಹಾಸದ ವಿದ್ಯಾರ್ಥಿಯಾದುದರಿಂದ ಮೊದಲು ಇತಿಹಾಸ. ಪ್ರಾಣಿಯ ದೇಹದಲ್ಲಿ ನೆತ್ತರಿನ ಒತ್ತಡವನ್ನು ಮೊಟ್ಟಮೊದಲು ಅಳೆದವನು ಡಾಕ್ಟರಲ್ಲ, ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಆತ ಒಂದು ಹೆಣ್ಣು ಕುದುರೆಯನ್ನು ಕಟ್ಟಿ ಮಲಗಿಸಿ, ಅದರ ಧಮನಿಯೊಳಕ್ಕೆ ಹಿತ್ತಾಳೆಯ ಕೊಳವೆಯನ್ನು ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನು ಜೋಡಿಸಿದನು. ನೆತ್ತರು ನಳಿಗೆಯಲ್ಲಿ 8 ಅಡಿ 3 ಅಂಗುಲದವರೆಗೆ ಏರಿ ನಿಂತು, ಹೃದಯದ ಒಂದೊಂದು ಬಡಿತಕ್ಕೂ ಅಷ್ಟಿಷ್ಟು ಏರುತ್ತ ಇಳಿಯುತ್ತ ಇತ್ತು. ಈ ವೃತ್ತಾಂತ 1733ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿದೆ. ಪ್ರಯೋಗ ಕ್ರೂರವಾದುದೇನೋ ನಿಜ. ಆದರೆ ನನ್ನ ದೃಷ್ಟಿಯಲ್ಲಿ ಇದರಷ್ಟು ಪ್ರಾಮಾಣಿಕವಾದ ಅಳತೆ ಇನ್ನೊಂದಿಲ್ಲ. ಒತ್ತಡವು ನೆತ್ತರನ್ನು ಎಷ್ಟು ಎತ್ತರಕ್ಕೆ ನೂಕಬಲ್ಲುದೋ ಅದೇ ಅದರ ಅಳತೆ. ನಡುವೆ ಊಹೆಗೆ ಎಡೆಯೇ ಇಲ್ಲ.

ಎಂಟಡಿ ನಳಿಗೆಯನ್ನು ಹೊತ್ತು ತಿರುಗುವುದು ಯಾರಿಂದ ಸಾಧ್ಯ? ಫ್ರಾನ್ಸಿನ ಪ್ವಾಸೆಯ್ ಎಂಬಾತ 1828ರಲ್ಲಿ ನೆತ್ತರಿಗೆ ಬದಲು ಪಾದರಸವನ್ನು ಬಳಸಿದನು. ಪಾದರಸ ನೀರಿಗಿಂತ 13.6 ಪಾಲು ಭಾರ. ಆರೋಗ್ಯವಂತನ ನೆತ್ತರು ನಳಿಗೆಯಲ್ಲಿ ಒಂದೂವರೆ ಮೀಟರು ಏರುವ ಕಡೆ ಪಾದರಸ 120 ಮಿಲಿಮೀಟರು ಏರಿದರೆ ಸಾಕು. ‘ನೂರಿಪ್ಪತ್ತು, ಎಂಬತ್ತು’ ಎಂದು ಡಾಕ್ಟರು ಹೇಳುವ ಅಂಕೆಗಳು ಇವೇ: ಹೃದಯ ಕುಗ್ಗಿ ನೆತ್ತರನ್ನು ಹೊರಕ್ಕೆ ಚಿಮ್ಮಿಸಿದಾಗ ಧಮನಿಯಲ್ಲಿ ಏಳುವ ಒತ್ತಡ ಮೊದಲಿನದು, ಹೃದಯ ಹಿಗ್ಗಿ ಮತ್ತೆ ತುಂಬಿಕೊಳ್ಳುವಾಗ ಉಳಿಯುವ ಒತ್ತಡ ಎರಡನೆಯದು. ಚುಚ್ಚದೆ ಅಳೆಯುವ ತೋಳುಪಟ್ಟಿಯನ್ನು 1896ರಲ್ಲಿ ಇಟಲಿಯ ರೀವಾ-ರೊಚ್ಚಿ ರೂಪಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೋವ್, ಪಟ್ಟಿಯ ಕೆಳಗೆ ಸ್ಟೆತಾಸ್ಕೋಪನ್ನು ಇಟ್ಟು ಆಲಿಸುವ ಕ್ರಮವನ್ನು ಹೇಳಿಕೊಟ್ಟನು. ಪಟ್ಟಿಗೆ ಗಾಳಿ ತುಂಬಿ ಧಮನಿಯನ್ನು ಪೂರ್ತಿ ಅದುಮಿ, ಮೆಲ್ಲಗೆ ಗಾಳಿ ಬಿಡುತ್ತ ಬಂದರೆ ನೆತ್ತರು ನುಗ್ಗುವ ಟಕಟಕ ಶಬ್ದ ಎಲ್ಲಿ ಮೊದಲಾಗುವುದೋ ಅದು ಮೇಲಿನ ಒತ್ತಡ, ಎಲ್ಲಿ ನಿಲ್ಲುವುದೋ ಅದು ಕೆಳಗಿನದು. ಈತನ ವರದಿ ಒಂದು ಪುಟವನ್ನೂ ತುಂಬುವುದಿಲ್ಲ. ಆದರೂ ನೂರು ವರ್ಷ ಮೀರಿದ ಮೇಲೆಯೂ ಡಾಕ್ಟರುಗಳು ಆ ಕ್ರಮವನ್ನು ಬಿಟ್ಟಿಲ್ಲ.

ಹಾಗಾದರೆ ಈ ತೋಳುಪಟ್ಟಿಗೆ ಕೊರತೆಯೇನು? ನನ್ನ ತಾಯಿಗೆ ನಾಲ್ಕು ವರ್ಷಗಳಿಂದ ಒತ್ತಡದ ಮಾತ್ರೆ ನಡೆದಿದೆ. ಒಮ್ಮೆ ಒಂದೇ ದಿನ ಎರಡು ಕಡೆ ಪರೀಕ್ಷೆಯಾಗಿ ಬೆಳಿಗ್ಗೆ 150, ಸಂಜೆ 132 ಎಂದು ಚೀಟಿಗಳಲ್ಲಿ ಬರೆದುಕೊಟ್ಟಿದ್ದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಬರೆಹವಿರುವ ಕಾಗದವೆಲ್ಲ ನನ್ನ ಬಳಿಗೇ ಬರುತ್ತದೆ. “ಓದ್ದೋನು ನೀನು, ಎಲ್ಡ್ರಾಗೆ ಯಾವ್ದು ದಿಟ ಹೇಳಪ್ಪ” ಎಂದರು. ಪುಸ್ತಕಗಳನ್ನು ಹುಡುಕಿದ ಮೇಲೆ ತಿಳಿದುಬಂದುದೇನೆಂದರೆ ಎರಡೂ ದಿಟವಾಗಿರಬಹುದು. ಹೃದಯ ನಿಮಿಷಕ್ಕೆ 70 ಸಲದಂತೆ ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ. ಬಡಿತಕ್ಕೊಂದರಂತೆ ಒಂದು ಲಕ್ಷ ಒತ್ತಡಗಳು ಬಂದು ಹೋಗುತ್ತವೆ. ಅವುಗಳಲ್ಲಿ ಎರಡನ್ನು ನಾವು ಹಿಡಿದು ಬರೆದಿಟ್ಟೆವು, ಅಷ್ಟೆ. ಮೆಟ್ಟಿಲು ಹತ್ತಿದರೆ, ಮಾತಾಡಿದರೆ, ಸಿಟ್ಟು ಬಂದರೆ ಒತ್ತಡ ಏರುತ್ತದೆ. ಡಾಕ್ಟರನ್ನು ಕಂಡ ಮಾತ್ರಕ್ಕೆ ಏರುವವರೂ ಉಂಟು. ಆಸ್ಪತ್ರೆಯಲ್ಲಿ ಸರಿಯಾಗಿದ್ದು ಮನೆಯಲ್ಲಿ ಏರುವವರೂ ಉಂಟು. ಇವರದೇ ಹೆಚ್ಚು ಅಪಾಯದ ಸ್ಥಿತಿ, ಏಕೆಂದರೆ ಇವರನ್ನು ಯಾರೂ ಗುರುತಿಸುವುದಿಲ್ಲ. ಆರೋಗ್ಯವಂತರಲ್ಲಿ ನಿದ್ರೆಯಲ್ಲಿ ಒತ್ತಡ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯಬೇಕು. ಇಳಿಯದವರಿಗೆ ಹೃದಯಕ್ಕೂ ಮಿದುಳಿಗೂ ಹೆಚ್ಚು ಆಪತ್ತೆಂದು ವೈದ್ಯರು ಹೇಳುತ್ತಾರೆ. ಆದರೆ ಆ ಇಳಿತವನ್ನು ಕಾಣಬೇಕಾದರೆ ರಾತ್ರಿಯೆಲ್ಲ ಅಳೆಯಬೇಕು. ಅರ್ಧ ಗಂಟೆಗೊಮ್ಮೆ ತಾನಾಗಿಯೇ ಉಬ್ಬುವ ಪಟ್ಟಿಗಳು ಇವೆಯಾದರೂ, ತೋಳನ್ನು ಹಿಂಡಿ ಎಬ್ಬಿಸಿ ‘ನಿದ್ರೆಯ ಒತ್ತಡ’ವನ್ನು ಅಳೆಯುವುದೆಂದರೆ ದೀಪ ಹೊತ್ತಿಸಿ ಕತ್ತಲೆಯನ್ನು ನೋಡಹೊರಟಂತೆ.

ಲೋಕದಲ್ಲಿ 30ರಿಂದ 79 ವಯಸ್ಸಿನೊಳಗಿನ 128 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆಯೆಂದೂ, ಅವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅದು ಇರುವುದೇ ತಿಳಿಯದೆಂದೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿತು.

ಎಡೆಬಿಡದೆ ಅಳೆಯುವ ವಿಧಾನ ಇಲ್ಲವೇ ಇಲ್ಲವೆಂದಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ವೇಳೆ ಮಣಿಕಟ್ಟಿನ ಧಮನಿಯೊಳಕ್ಕೇ ಸಣ್ಣ ನಳಿಕೆಯನ್ನು ಇಳಿಸಿ ಪ್ರತಿ ಬಡಿತದ ಒತ್ತಡವನ್ನೂ ನೋಡುತ್ತಾರೆ. ಇದು ಹೇಲ್ಸನ ಕುದುರೆಯ ಪ್ರಯೋಗದ ಸುಧಾರಿಸಿದ ರೂಪ. ಅಳತೆ ಖಚಿತ, ಆದರೆ ರಕ್ತಸ್ರಾವ, ನಂಜು, ಹೆಪ್ಪುಗಟ್ಟುವಿಕೆಗಳ ಭಯವಿರುವುದರಿಂದ ಮನೆಯಲ್ಲಿ ನಡೆದಾಡುವವರಿಗೆ ಸಲ್ಲದು. 1973ರಲ್ಲಿ ಚೆಕ್ ದೇಶದ ಯಾನ್ ಪೆನ್ಯಾಜ್ ಎಂಬಾತ ಬೆರಳಿಗೆ ಸಣ್ಣ ಪಟ್ಟಿ ಕಟ್ಟಿ ಪ್ರತಿ ಬಡಿತವನ್ನೂ ಅನುಸರಿಸುವ ಉಪಾಯವನ್ನು ತೋರಿಸಿದನು. ಅದು ಜಾಣ್ಮೆಯದು; ಆದರೂ ಬೆರಳನ್ನು ಹಿಂಡುತ್ತಲೇ ಇರಬೇಕು. ಹಿಂಡದೆ, ಚುಚ್ಚದೆ, ಸುಮ್ಮನೆ ಚರ್ಮದ ಮೇಲೆ ಕುಳಿತು ಕೇಳಿಸಿಕೊಳ್ಳುವ ಸಾಧನವಾಗಬಹುದೆ ಎಂಬ ಪ್ರಶ್ನೆಯೊಡನೆ ಗಾಜಿನ ಎಳೆ ನಮ್ಮ ಕಥೆಗೆ ಪ್ರವೇಶಿಸುತ್ತದೆ.

ಇದನ್ನು ಆಪ್ಟಿಕಲ್ ಫೈಬರ್ ಎನ್ನುತ್ತಾರೆ; ನಮ್ಮ ಪಠ್ಯಗಳಲ್ಲಿ ದ್ಯುತಿತಂತು ಎಂಬ ಹೆಸರೂ ಉಂಟು. ಗ್ರಾಮ ಪಂಚಾಯಿತಿಗಳಿಗೆ ಇಂಟರ್ನೆಟ್ ಒಯ್ಯಲು ರಸ್ತೆಯ ಅಂಚಿನಲ್ಲಿ ಅಗೆದು ಹೂಳುತ್ತಾರಲ್ಲ, ಆ ಕೇಬಲ್ಲಿನ ಹೊಟ್ಟೆಯಲ್ಲಿರುವುದು ಇದೇ. ಎಳೆಯ ನಡುವಿನ ತಿರುಳು ಒಂದು ಬಗೆಯ ಗಾಜು. ಸುತ್ತಲ ಹೊದಿಕೆ ಬೆಳಕನ್ನು ತುಸು ಕಡಮೆ ಬಾಗಿಸುವ ಇನ್ನೊಂದು ಬಗೆಯ ಗಾಜು. ತಿರುಳಿನೊಳಗೆ ಓರೆಯಾಗಿ ಹೊಕ್ಕ ಬೆಳಕು ಹೊದಿಕೆಯ ಅಂಚನ್ನು ಮುಟ್ಟಿದಾಗ ಹೊರಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಹೀಗೆ ಎಳೆ ಬಳುಕಿದ ಕಡೆಗೆ ಬೆಳಕೂ ಹರಿಯುತ್ತದೆ. ಬಾಗಿ ಬೀಳುವ ನೀರಿನ ಧಾರೆಯಲ್ಲಿ ಬೆಳಕೂ ಬಾಗಿ ಹರಿಯುವುದನ್ನು ಜಿನೀವದ ಕೊಲಾಡನ್ 1841ರಲ್ಲಿಯೇ ತೋರಿಸಿದ್ದನು. ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ 1954ರಲ್ಲಿ ಪ್ರಬಂಧ ಪ್ರಕಟಿಸಿದವರಲ್ಲಿ ಒಬ್ಬರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ. ಆಗ ಅವರು ಲಂಡನ್ನಿನಲ್ಲಿ ವಿದ್ಯಾರ್ಥಿ. ಶುದ್ಧವಾದ ಗಾಜಿನಲ್ಲಿ ಬೆಳಕನ್ನು ಬಹುದೂರ ಕಳುಹಿಸಬಹುದೆಂದು 1966ರಲ್ಲಿ ವಾದಿಸಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕಪಾನಿಯವರನ್ನೂ ಜೊತೆಗೆ ನೆನೆಯಬಹುದಾಗಿತ್ತೆಂದು ನನಗೆ ತೋರುತ್ತದೆ. ಇರಲಿ, ಅದು ಬೇರೆ ಮಾತು.

ಸುದ್ದಿ ಒಯ್ಯುವ ಎಳೆ ಒತ್ತಡವನ್ನು ಹೇಗೆ ತಿಳಿದೀತು? ಇದಕ್ಕೆ ಉಪಾಯಗಳು ಹಲವು. ನಾನು ಒಂದನ್ನೇ ವಿವರಿಸುತ್ತೇನೆ. 1978ರಲ್ಲಿ ಕೆನಡದ ಕೆನೆತ್ ಹಿಲ್ ಮತ್ತು ಸಂಗಡಿಗರು ಎಳೆಯೊಂದರೊಳಕ್ಕೆ ಪ್ರಬಲವಾದ ಲೇಸರ್ ಬೆಳಕನ್ನು ಬಿಡುತ್ತಿದ್ದಾಗ, ಹೊತ್ತು ಕಳೆದಂತೆ ಹೆಚ್ಚು ಹೆಚ್ಚು ಬೆಳಕು ಹಿಂದಕ್ಕೆ ಮರಳುತ್ತಿರುವುದನ್ನು ಕಂಡರು. ಬೆಳಕೇ ಗಾಜಿನಲ್ಲಿ ಕಾಯಂ ಗುರುತುಗಳನ್ನು ಮೂಡಿಸಿತ್ತು! 1989ರಲ್ಲಿ ಅತಿನೇರಳೆ ಕಿರಣಗಳನ್ನು ಪಕ್ಕದಿಂದ ಬೀರಿ, ಬೇಕಾದ ಅಂತರದಲ್ಲಿ ಇಂಥ ಗುರುತುಗಳನ್ನು ಬರೆಯುವ ಕ್ರಮ ಬಂದಿತು. ಇದಕ್ಕೆ ಬ್ರ್ಯಾಗ್ ಜಾಲರಿ ಎಂದು ಹೆಸರು. ಸಮ ಅಂತರದ ಸಾಲುಗಳು ಒಂದು ನಿರ್ದಿಷ್ಟ ತರಂಗಾಂತರವನ್ನು ಮಾತ್ರ ಆರಿಸಿ ಹಿಂದಕ್ಕೆ ಕಳುಹಿಸುತ್ತವೆಂಬ, ಎಕ್ಸ್-ಕಿರಣಗಳಿಗಾಗಿ ಲಾರೆನ್ಸ್ ಬ್ರ್ಯಾಗ್ ಕಂಡುಹಿಡಿದ ನಿಯಮವೇ ಇಲ್ಲಿಯೂ ನಡೆಯುತ್ತದೆ. ಮರಳುವ ತರಂಗಾಂತರ 1,550 ನ್ಯಾನೊಮೀಟರು ಆಗಬೇಕಾದರೆ ಒಂದು ಸೆಂಟಿಮೀಟರಿನಲ್ಲಿ 18,000ಕ್ಕೂ ಮಿಕ್ಕಿ ಗೆರೆಗಳಿರಬೇಕು.

ಈಗ ಈ ಎಳೆಯನ್ನು ಚೂರು ಎಳೆಯಿರಿ. ಗೆರೆಗಳ ನಡುವಣ ಅಂತರ ಹಿಗ್ಗುತ್ತದೆ, ಮರಳುವ ಬೆಳಕಿನ ತರಂಗಾಂತರವೂ ಹಿಗ್ಗುತ್ತದೆ. ವೀಣೆಯ ತಂತಿಯನ್ನು ಬಿಗಿದರೆ ಸ್ವರ ಬದಲಾಗುವಂತೆ ಇಲ್ಲಿ ಬಣ್ಣ ಬದಲಾಗುತ್ತದೆ ಎನ್ನಬಹುದು; ಆದರೆ ಈ ಬಣ್ಣ ಕಣ್ಣಿಗೆ ಕಾಣುವುದಲ್ಲ. ಒಂದು ಮೀಟರು ಉದ್ದದ ಎಳೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಹಿಗ್ಗುವ ಪ್ರಮಾಣದ ಸೆಳೆತಕ್ಕೆ ತರಂಗಾಂತರ ಸುಮಾರು 1.2 ಪಿಕೊಮೀಟರು ಸರಿಯುತ್ತದೆ. ಅಷ್ಟು ಸಣ್ಣ ಸರಿತವನ್ನು ಓದುವ ಯಂತ್ರಗಳು ಇಂದು ಇವೆ. ಹಿಗ್ಗಬಲ್ಲ ತೆಳುವಾದ ಪೊರೆಯೊಂದಕ್ಕೆ ಈ ಜಾಲರಿಯನ್ನು ಅಂಟಿಸಿ ಮಣಿಕಟ್ಟಿನ ಮೇಲಿಟ್ಟರೆ, ನಾಡಿ ಮಿಡಿದಾಗಲೆಲ್ಲ ಪೊರೆ ಉಬ್ಬುತ್ತದೆ, ಎಳೆ ಸೆಳೆಯಲ್ಪಡುತ್ತದೆ, ಬೆಳಕು ಸುದ್ದಿ ಹೇಳುತ್ತದೆ. ನಮ್ಮ ಹಳ್ಳಿಗಳ ನಾಟಿವೈದ್ಯರು ಹೆಬ್ಬೆರಳ ಬುಡದಲ್ಲಿ ಮೂರು ಬೆರಳಿಟ್ಟು ನಾಡಿ ನೋಡುವ ಸ್ಥಳವೇ ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಅವರೂ ಅವರ ಸಂಗಡಿಗರೂ ಇಂಥ ನಾಡಿಲೇಖಕವನ್ನು ನಿರ್ಮಿಸಿರುವುದು ಕನ್ನಡನಾಡಿನವರು ತಿಳಿದಿರಬೇಕಾದ ಸಂಗತಿ.

ಇಲ್ಲಿಯವರೆಗೆ ಎಲ್ಲವೂ ಸೊಗಸು. ಕಷ್ಟ ಆರಂಭವಾಗುವುದು ಇನ್ನು ಮುಂದೆ.

ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿನೋಡಬಹುದು. ನಾನು ಇದನ್ನು ಹಾಸ್ಟೆಲಿನ ಕೋಣೆಯಲ್ಲಿ ಮಾಡಿದೆ. ಒಂದು ಡ್ರಾಯಿಂಗ್ ಪಿನ್ನಿನ ಮೊನೆಗೆ ಬೆಂಕಿಕಡ್ಡಿಯನ್ನು ಚುಚ್ಚಿ, ಪಿನ್ನಿನ ಚಪ್ಪಟೆ ತಲೆಯನ್ನು ನಾಡಿ ಮಿಡಿಯುವೆಡೆ ಇಟ್ಟು, ಕೈಯನ್ನು ಮೇಜಿನ ಮೇಲೆ ಅಲುಗದಂತೆ ಇರಿಸಬೇಕು. ಕಡ್ಡಿಯ ತುದಿ ಪ್ರತಿ ಬಡಿತಕ್ಕೂ ತಲೆದೂಗುತ್ತದೆ. ಗೆಳೆಯರ ಕೈಗಳ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಗೆ: ತೆಳ್ಳನೆಯವನ ಕೈಯಲ್ಲಿ ಕಡ್ಡಿ ಕುಣಿಯಿತು, ಮೈಕೈ ತುಂಬಿಕೊಂಡವನ ಕೈಯಲ್ಲಿ ಮಿಸುಕಲೊಲ್ಲದು. ಹಾಗಾದರೆ ತೆಳ್ಳನೆಯವನಿಗೆ ಒತ್ತಡ ಹೆಚ್ಚೆ? ಅಲ್ಲ. ಅವನ ಧಮನಿ ಚರ್ಮಕ್ಕೆ ಹತ್ತಿರದಲ್ಲಿದೆ, ಅಷ್ಟೆ. ಅವನದೇ ಕೈಯಲ್ಲಿ ಪಿನ್ನನ್ನು ಕೂದಲೆಳೆಯಷ್ಟು ಆಚೆ ಸರಿಸಿದರೂ ಕುಣಿತ ಕುಗ್ಗುತ್ತದೆ. ಕಡ್ಡಿ ನಾಡಿಯ ಲಯವನ್ನು ಹೇಳುತ್ತದೆ. ಒತ್ತಡ 120ಓ 160ಓ ಎಂಬುದನ್ನು ಹೇಳಲು ಅದಕ್ಕೆ ಸಾಧ್ಯವಿಲ್ಲ. ಗಾಜಿನ ಎಳೆ ಈ ಬೆಂಕಿಕಡ್ಡಿಗಿಂತ ಎಷ್ಟೋ ಸಾವಿರ ಪಾಲು ಸೂಕ್ಷ್ಮವಾದುದು, ನಾಡಿಯ ಅಲೆಯ ಒಂದೊಂದು ಏರಿಳಿತವನ್ನೂ ಚಿತ್ರಿಸಬಲ್ಲುದು. ಆದರೆ ಸೂಕ್ಷ್ಮತೆ ಹೆಚ್ಚಿದ ಮಾತ್ರಕ್ಕೆ ಈ ತೊಡಕು ಕಳೆಯುವುದಿಲ್ಲ. ಎಳೆ ಅಳೆಯುವುದು ಚರ್ಮದ ಉಬ್ಬನ್ನು, ನಮಗೆ ಬೇಕಾದುದು ಧಮನಿಯೊಳಗಿನ ಒತ್ತಡ. ಇವೆರಡರ ನಡುವೆ ಚರ್ಮ, ಕೊಬ್ಬು, ಧಮನಿಯ ಗೋಡೆ ಇವೆ. ಇವು ಮನುಷ್ಯನಿಂದ ಮನುಷ್ಯನಿಗೆ ಬೇರೆ ಬೇರೆ. ಆದುದರಿಂದ ಮೊದಲೊಮ್ಮೆ ತೋಳುಪಟ್ಟಿಯಿಂದ ಅಳೆದು, ‘ಇಷ್ಟು ಉಬ್ಬಿದರೆ ಇಷ್ಟು ಒತ್ತಡ’ ಎಂದು ಎಳೆಗೆ ಪಾಠ ಹೇಳಿಕೊಡಬೇಕು. ಯಾವ ಪಟ್ಟಿಯನ್ನು ತೊಲಗಿಸಲು ಹೊರಟೆವೋ ಅದರ ಬಳಿಗೇ ಅಂಕೆಯ ಸಾಲಕ್ಕೆ ಹೋಗಬೇಕಾಯಿತು!

ಈ ಸಾಲವನ್ನು ಕಡಮೆ ಮಾಡಿಕೊಳ್ಳಲು ಇನ್ನೊಂದು ದಾರಿ ಇದೆ: ಉಬ್ಬಿನ ಗಾತ್ರವನ್ನು ಬಿಟ್ಟು ಅಲೆಯ ವೇಗವನ್ನು ಅಳೆಯುವುದು. ಧಮನಿಯ ಗೋಡೆ ಗಡುಸಾದಷ್ಟೂ ನಾಡಿಯ ಅಲೆ ಬೇಗ ಓಡುತ್ತದೆಂದು ಹಾಲೆಂಡಿನ ಮೋನ್ಸ್ ಮತ್ತು ಕೋರ್ಟ್‌ವೆಗ್ 1878ರಲ್ಲಿ ತೋರಿಸಿದ್ದರು. ಒತ್ತಡ ಏರಿದಾಗ ಗೋಡೆ ಬಿಗಿಯುತ್ತದೆ, ಅಲೆ ಬೇಗ ತಲಪುತ್ತದೆ. ಸೆಕೆಂಡಿಗೆ ಎಂಟು ಮೀಟರು ವೇಗವೆಂದು ಇಟ್ಟುಕೊಂಡರೆ 80 ಸೆಂಟಿಮೀಟರು ದಾರಿಗೆ ಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು. ಒತ್ತಡದ ಏರಿಳಿತಕ್ಕೆ ಆಗುವ ವ್ಯತ್ಯಾಸವಾದರೋ ಇನ್ನೂ ಸಣ್ಣದು. ಹೃದಯದ ವಿದ್ಯುತ್ ಸೂಚನೆಯಿಂದ ಕಾಲವನ್ನು ಎಣಿಸಿದರೆ, ಸೂಚನೆ ಹೊರಟುದಕ್ಕೂ ನೆತ್ತರು ಚಿಮ್ಮುವುದಕ್ಕೂ ನಡುವಣ ತಡವೂ ಲೆಕ್ಕದಲ್ಲಿ ಸೇರಿ ಕೆಡಿಸುತ್ತದೆ. ಕತ್ತಿನ ಧಮನಿಯ ಮೇಲೊಂದು, ಮಣಿಕಟ್ಟಿನ ಮೇಲೊಂದು ಎಳೆಯನ್ನಿಟ್ಟು, ಅಲೆ ಎರಡು ಕಡೆ ತಲಪಿದ ಕಾಲಗಳ ಅಂತರವನ್ನು ಅಳೆದರೆ ಆ ತಡ ತಾನಾಗಿಯೇ ಕಳೆದುಹೋಗುತ್ತದೆ. ಬೆಂಗಳೂರಿನ ತಂಡ 2015ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ಕುರಿತದ್ದು; ಆ ಅಂತರವನ್ನು ಅವರು ಮೇಲಿನ ಒತ್ತಡದ ಏರಿಳಿತದ ಸೂಚಕವಾಗಿ ಪರಿಶೀಲಿಸಿ, ಆಸ್ಪತ್ರೆಗಳಲ್ಲಿ ರೋಗಿಗಳನ್ನು ಗಮನಿಸುವ ಮಾನಿಟರ್ ಯಂತ್ರದ ಅಳತೆಯೊಡನೆ ಹೋಲಿಸಿದರು. ಜಪಾನಿನ ಶಿನ್ಶು ವಿಶ್ವವಿದ್ಯಾನಿಲಯದವರು ಬೇರೆ ಹಾದಿ ಹಿಡಿದು, ಮಣಿಕಟ್ಟಿನ ಅಲೆಯ ಆಕಾರವನ್ನೇ ಗಣಿತದಿಂದ ಶೋಧಿಸಿ ಒತ್ತಡವನ್ನು ಅಂದಾಜು ಮಾಡಲು ಯತ್ನಿಸಿದ್ದಾರೆ. ಎರಡು ದಾರಿಗಳಲ್ಲಿ ನನಗೆ ಮೊದಲನೆಯದೇ ಹಿಡಿಸಿತು, ಏಕೆಂದರೆ ಅದರ ಕಾರಣವನ್ನು ನನ್ನಂಥವನೂ ಕಾಗದದ ಮೇಲೆ ಬರೆದು ನೋಡಬಹುದು. ಆದರೆ ಗೋಡೆ ಬಿಗಿಯುವುದು ಒತ್ತಡದಿಂದ ಮಾತ್ರವಲ್ಲ. ವಯಸ್ಸಿನಿಂದಲೂ, ಚಳಿಯಿಂದಲೂ, ಔಷಧದಿಂದಲೂ ಬಿಗಿಯುತ್ತದೆ, ಸಡಿಲುತ್ತದೆ. ಸಾಲ ಕಡಮೆಯಾಯಿತು, ತೀರಲಿಲ್ಲ.

ಇದರ ಜೊತೆಗೆ ದಿನಬಳಕೆಯ ತೊಂದರೆಗಳು. ಗಾಜಿನ ಜಾಲರಿಗೆ ಸೆಳೆತದಂತೆ ಬಿಸಿಯೂ ತಾಕುತ್ತದೆ: ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ತರಂಗಾಂತರ ಸುಮಾರು 10 ಪಿಕೊಮೀಟರು ಸರಿಯುತ್ತದೆ. ನಾಡಿ ಚುರುಕಾಗಿ, ಬಿಸಿ ನಿಧಾನವಾಗಿ ಬದಲಾಗುವುದರಿಂದ ಅಲೆಯ ಆಕಾರವನ್ನು ಬೇರ್ಪಡಿಸಿ ತೆಗೆಯಬಹುದು. ಇಡೀ ರಾತ್ರಿಯಲ್ಲಿ ಮೆಲ್ಲಮೆಲ್ಲನೆ ಇಳಿಯುವ ಒತ್ತಡವನ್ನು ಬೇರ್ಪಡಿಸುವುದು ಸುಲಭವಲ್ಲ. ಸೆಳೆತ ತಾಗದಂತೆ ಸಡಿಲವಾಗಿ ಬಿಟ್ಟ ಇನ್ನೊಂದು ಜಾಲರಿಯನ್ನು ಬರಿಯ ಬಿಸಿಯ ಲೆಕ್ಕಕ್ಕೆಂದೇ ಇಡುವುದುಂಟು. ಇನ್ನು ಕೈಯ ಎತ್ತರ. ಮಣಿಕಟ್ಟನ್ನು ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರು ಮೇಲೆತ್ತಿದರೆ, ನೆತ್ತರಿನ ಭಾರದಿಂದಲೇ ಅಲ್ಲಿನ ಒತ್ತಡ ಸುಮಾರು 8 ಮಿಲಿಮೀಟರು ಇಳಿಯುತ್ತದೆ. ಮಲಗಿದವನು ಮಗ್ಗುಲು ಬದಲಿಸಿ ಕೈಯನ್ನು ತಲೆದಿಂಬಿನ ಮೇಲಿಟ್ಟರೆ ಯಂತ್ರಕ್ಕೆ ಅದು ಒತ್ತಡದ ಇಳಿತವೆಂದೇ ತೋರುವುದು. ತೋಳುಪಟ್ಟಿಯ ಯಂತ್ರಗಳಿಗೆ ವಿಧಿಸಿರುವ ಅಂತರರಾಷ್ಟ್ರೀಯ ಪ್ರಮಾಣದಲ್ಲಿ ಸರಾಸರಿ ತಪ್ಪು 5 ಮಿಲಿಮೀಟರನ್ನು, ತಪ್ಪುಗಳ ಚದುರಿಕೆ 8 ಮಿಲಿಮೀಟರನ್ನು ಮೀರಕೂಡದೆಂದಿದೆ. ಅಂದಮೇಲೆ ಕೈಯ ಈ ಒಂದು ಚಲನೆಯೇ ಎಷ್ಟು ಹಾನಿ ಮಾಡಬಲ್ಲುದೆಂಬುದನ್ನು ವಾಚಕರು ಊಹಿಸಬಹುದು.

ಇಂಥ ಸಾಧನಗಳನ್ನು ಪರೀಕ್ಷಿಸುವಲ್ಲಿಯೂ ಒಂದು ಮೋಸವಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಬೇಗ ಹೊಳೆಯುತ್ತದೆ. ಕುಳಿತು ವಿಶ್ರಮಿಸುತ್ತಿರುವವನಿಗೆ ಪಟ್ಟಿ ಕಟ್ಟಿ ‘ಇವನದು 130’ ಎಂದು ಹೇಳಿಕೊಟ್ಟು, ಹತ್ತು ನಿಮಿಷದ ಮೇಲೆ ಕೇಳಿದರೆ ಯಂತ್ರ 130 ಎಂದೀತು. ನಾಡಿಯನ್ನು ನೋಡದೆ ಸುಮ್ಮನೆ ಕಲಿತ ಪಾಠವನ್ನು ಒಪ್ಪಿಸಿದರೂ ಅದು ತೇರ್ಗಡೆಯಾಗುವುದು. ಒತ್ತಡ ನಿಜವಾಗಿ ಏರಿದಾಗ, ಇಳಿದಾಗ, ವಾರಗಳು ಕಳೆದ ಮೇಲೆ ಅದು ಏನು ಹೇಳುತ್ತದೆ ಎಂಬುದೇ ಮುಖ್ಯ. ಈ ಕಾರಣಗಳಿಂದಲೇ ಯುರೋಪಿನ ಅಧಿಕ ರಕ್ತದೊತ್ತಡ ಸಂಘವು 2021ರ ತನ್ನ ಸೂಚನೆಗಳಲ್ಲಿ, ಪಟ್ಟಿಯಿಲ್ಲದ ಸಾಧನಗಳನ್ನು ನಂಬಿ ರೋಗವನ್ನು ನಿರ್ಧರಿಸುವುದಾಗಲಿ ಚಿಕಿತ್ಸೆ ಬದಲಿಸುವುದಾಗಲಿ ಕೂಡದೆಂದು ಹೇಳಿತು. ಕೈಗಡಿಯಾರದಲ್ಲಿಯೇ ಬಿ.ಪಿ. ತೋರಿಸುವುದಾಗಿ ಬರುವ ಜಾಹೀರಾತುಗಳನ್ನು ನೋಡಿ ಮಾತ್ರೆ ನಿಲ್ಲಿಸುವವರಿಗೆ ಈ ಮಾತನ್ನು ಯಾರಾದರೂ ಓದಿ ಹೇಳಬೇಕು.

ಹಾಗೆಂದು ಎಳೆಯ ಯೋಗ್ಯತೆಯನ್ನು ಕಡೆಗಣಿಸಲಾಗದು. ಎಂ.ಆರ್.ಐ. ಯಂತ್ರದೊಳಗೆ ಮಲಗಿದ ರೋಗಿಗೆ ಲೋಹದ ತಂತಿಗಳನ್ನು ಕಟ್ಟುವುದು ಅಪಾಯ. ಅಲ್ಲಿನ ಅಯಸ್ಕಾಂತ ಲೋಹವನ್ನು ಸೆಳೆಯುತ್ತದೆ, ರೇಡಿಯೋ ಅಲೆಗಳು ತಂತಿಯನ್ನು ಕಾಯಿಸುತ್ತವೆ. ಗಾಜಿಗೆ ಈ ಎರಡು ಬಾಧೆಗಳೂ ಇಲ್ಲ. ಎಳೆಯಲ್ಲಿ ವಿದ್ಯುತ್ತು ಹರಿಯದುದರಿಂದ ಮೈಗೆ ಷಾಕ್ ತಗಲುವ ಭಯವಿಲ್ಲ. ಒಂದೇ ಎಳೆಯ ಮೇಲೆ ಬೇರೆ ಬೇರೆ ತರಂಗಾಂತರದ ಹಲವು ಜಾಲರಿಗಳನ್ನು ಬರೆದು ನಾಡಿ, ಉಸಿರು, ಮೈಬಿಸಿ ಮೂರನ್ನೂ ಒಟ್ಟಿಗೆ ಗಮನಿಸಬಹುದು.

ಉಳಿದಿರುವುದು ವೆಚ್ಚದ ವಿಷಯ. ಎಳೆ ಅಗ್ಗ, ಪಿಕೊಮೀಟರುಗಳನ್ನು ಓದುವ ಪೆಟ್ಟಿಗೆ ದುಬಾರಿ, ಮತ್ತು ಅದು ಅಂಗಿಯ ಜೇಬಿನಲ್ಲಿ ಕೂರುವಂಥದಲ್ಲ. ಆದುದರಿಂದ ಕೆಲವರು ಗಾಜನ್ನು ಬಿಟ್ಟು ಪ್ಲಾಸ್ಟಿಕ್ಕಿನ ಎಳೆಯನ್ನು ಹಿಡಿದಿದ್ದಾರೆ. ಎಳೆ ಬಾಗಿದಾಗ ಒಂದಿಷ್ಟು ಬೆಳಕು ಹೊರಕ್ಕೆ ಸೋರುತ್ತದೆ. ಉಳಿದುದೆಷ್ಟು ಎಂದು ನೋಡಿದರೆ ನಾಡಿಯ ಮಿಡಿತ ತಿಳಿಯುತ್ತದೆ. ಇದಕ್ಕೆ ಒಂದು ಎಲ್.ಇ.ಡಿ. ದೀಪ, ಬೆಳಕನ್ನು ಅಳೆಯುವ ಒಂದು ಸಣ್ಣ ಬಿಲ್ಲೆ ಇದ್ದರೆ ಸಾಕು. ಆದರೆ ದೀಪ ತಾನಾಗಿ ಮಂಕಾದುದಕ್ಕೂ ನಾಡಿ ಕುಗ್ಗಿದುದಕ್ಕೂ ಇರುವ ಭೇದ ಅದಕ್ಕೆ ತಿಳಿಯದು. ಆ ಭೇದವನ್ನು ತಿಳಿಸಲು ದೀಪದ ಬೆಳಕಿನಲ್ಲಿ ಒಂದು ಪಾಲನ್ನು ಮೈಗೆ ತಾಗದ ಇನ್ನೊಂದು ಎಳೆಯಲ್ಲಿ ಹರಿಯಬಿಟ್ಟು, ಎರಡನ್ನೂ ಹೋಲಿಸುತ್ತ ಹೋಗಬೇಕು.